ಮಾತೆಯ ತಲೆಯೊಳಗಿನ ಕಾಗದ

ಎವಾರಿಸ್ತೊ ಗಾಲ್ವೆಸ್ ಸಣ್ಣ ಗರಗಸ ಹಿಡಿದು ಶಿಲುಬೆಗೇರಿದ ಮಗನಿಗಾಗಿ ಅಳುವ ವ್ಯಾಕುಲ ಮಾತೆಯ ಮರದ ಮುಖವನ್ನು ಕಿವಿಯಿಂದ ಕಿವಿಗೆ ಕೊಯ್ದು ತೆಗೆದ ದಿನವೇ ಬೆನಿತಾ ಒಗೆದ ಬಟ್ಟೆ ಕೊಡಲು ಬಂದಳು. ಮೇಜಿನ ಮೇಲೆ ಮುಖ ಒಂದು ಕಡೆ, ಬೋಳು ತಲೆ ಒಂದು ಕಡೆ. ಬಟ್ಟೆಯ ಗಂಟನ್ನು ಎದೆಗೆ ಅವುಚಿಕೊಂಡು ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಇದೇನು ಮಾಸ್ತರೆ, ಮಾಡಿದ್ದನ್ನ ನೀವೇ ಕೆಡಿಸ್ತಾ ಕೂತಿದೀರಿ."

"ಕೆಡಿಸ್ತಿಲ್ಲ ತಾಯಿ. ಕಣ್ಣು ಕೂರಿಸೋದು ಹೀಗೇನೆ. ಒಳಗಿಂದ ಕೂರಿಸ್ಬೇಕು. ಬನ್ನಿ ಒಳಗೆ, ಬಾಗಿಲು ಹಾಕ್ಕೊಳ್ಳಿ."

ಈ ಕಸುಬು ಬಲ್ಲವರಿಗೆ ಇದರಲ್ಲಿ ಹೊಸದೇನಿಲ್ಲ. ಸೈಪ್ರೆಸ್ ಮರದಲ್ಲಿ ತಲೆ ಪೂರ್ತಿ ಕೆತ್ತಬೇಕು, ಆಮೇಲೆ ಮುಖವನ್ನು ಮುಚ್ಚಳದ ಹಾಗೆ ಕೊಯ್ದು ತೆಗೆಯಬೇಕು, ಒಳಗೆಲ್ಲ ಟೊಳ್ಳು ಮಾಡಿ ಗಾಜಿನ ಕಣ್ಣುಗಳನ್ನು ಹಿಂದಿನಿಂದ ಮೇಣ ಹಾಕಿ ಒತ್ತಬೇಕು. ಮತ್ತೆ ಅಂಟು ಹಾಕಿ ಮುಖ ಕೂರಿಸಿ, ಸುಣ್ಣ ಬಳಿದು, ಮೈಬಣ್ಣ ಹಚ್ಚಿ, ಕುರಿಯ ಮೂತ್ರಕೋಶದ ಒದ್ದೆ ಚರ್ಮವನ್ನು ಬೆರಳಿಗೆ ಸುತ್ತಿಕೊಂಡು ಉಜ್ಜಿದರೆ ಕೊಯ್ದ ಗೆರೆ ಹೆತ್ತ ತಾಯಿಗೂ ಕಾಣದು. ಹಾಗೆ ಮುಚ್ಚುವ ಮುಂಚೆ ತಲೆಯೊಳಗೆ ಒಂದು ಕಾಗದ ಇಡುವುದು ಪದ್ಧತಿ. ಮಾಡಿದವನ ಹೆಸರು, ವರ್ಷ, ವಿಗ್ರಹ ಮಾಡಿಸಿ ಮೆರವಣಿಗೆ ನಡೆಸುವ ಇಗರ್ಜಿಯ ಸಂಘಕ್ಕೆ ಆಗ ಹಿರಿಯಣ್ಣ, ಅಂದರೆ ಮುಖ್ಯಸ್ಥನಾಗಿದ್ದವನ ಹೆಸರು. ಇನ್ನೂರು ವರ್ಷ ಕಳೆದು ಹುಳು ಬಿದ್ದಾಗ ಯಾವನೋ ಬಿಚ್ಚುತ್ತಾನೆ, ಓದುತ್ತಾನೆ, ತನ್ನ ಹೆಸರನ್ನೂ ಸೇರಿಸಿ ಮುಚ್ಚುತ್ತಾನೆ.

ಎವಾರಿಸ್ತೊ ಏಪ್ರನ್ನಿನ ಜೇಬಿನಿಂದ ಮಡಿಸಿದ ಕಾಗದ ತೆಗೆದ. ಐವತ್ತೇಳರ ಗಂಡಸು, ಹೆಂಡತಿ ಸತ್ತು ಹನ್ನೊಂದು ವರ್ಷ. ಬಿಚ್ಚುವ ಮುಂಚೆ ಬಾಗಿಲ ಅಗುಳಿ ಹಾಕಿದೆಯೇ ಎಂದು ನೋಡಿ ಬಂದ.

"ನಿಮಗೆ ಓದೋಕೆ ಬರಲ್ಲ, ನಾನೇ ಓದ್ತೀನಿ. ಯಾರ ಹತ್ರಾನೂ ಬಾಯಿ ಬಿಡ್ಬಾರದು. ಬಿಟ್ರೆ ಇಬ್ರೂ ಹೋಗ್ತೀವಿ."

"ನನ್ನ ಬಾಯಿ ಹೊಲಿದು ಎಂಟು ವರ್ಷ ಆಯ್ತು. ಓದಿ."

ಅವನು ಓದಿದ. "ಈ ಮಾತೆಯ ಎರಡು ಕೈಗಳನ್ನು ಬೆಂಕಿಯಿಂದ ತೆಗೆದವಳು ಕ್ಲೋತಿಲ್ದೆ ಪೊಸ್ತಿಗೊ, ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ, ವಯಸ್ಸು ಇಪ್ಪತ್ತಾರು. ಸಾವಿರದ ಒಂಬೈನೂರ ಮೂವತ್ತಾರರ ಆಗಸ್ಟ್ ಇಪ್ಪತ್ತೊಂದರಂದು ಅವಳನ್ನು ಇಟ್ಟಿಗೆ ಗೂಡಿನ ಗೋಡೆಗೆ ನಿಲ್ಲಿಸಿ ಕೊಂದರು. ಅವಳಿಗೆ ಬೇರೆ ಸಮಾಧಿಯಿಲ್ಲ."

ಇನ್ನೂ ಎರಡು ಸಾಲು ಇದ್ದವು. ಅವನ್ನು ಅವನು ಓದಲಿಲ್ಲ.

ಬೆನಿತಾ ಅಳಲಿಲ್ಲ. ಕಾಗದ ಇಸಕೊಂಡು ತಲೆಕೆಳಗಾಗಿ ಹಿಡಿದು ನೋಡಿದಳು. "ಅವಳ ಹೆಸರು ಎಲ್ಲಿದೆ? ಬೆರಳಿಟ್ಟು ತೋರಿಸಿ." ತೋರಿಸಿದ. ಅವಳು ಆ ಜಾಗಕ್ಕೆ ತುಟಿ ಒತ್ತಿ, ಕಾಗದವನ್ನು ತಾನೇ ಮಾತೆಯ ತಲೆಯೊಳಗೆ ಇಟ್ಟಳು. ಮಗಳ ಹೆಣ ಸಿಕ್ಕಿರಲಿಲ್ಲ, ಪಾದ್ರಿ ಪೂಜೆ ಹೇಳಿರಲಿಲ್ಲ, ಮಗಳಿಗಾಗಿ ಕಪ್ಪು ಉಡುವುದಕ್ಕೂ ಬಿಡದೆ "ಇದು ಗಂಡನ ಸೂತಕ" ಎಂದು ಸುಳ್ಳು ಹೇಳಿಸಿದ ಊರು ನಮ್ಮದು. ಆ ಹೆಣ್ಣಿಗೆ ಮಗಳು ಇದ್ದಳು ಎನ್ನುವುದಕ್ಕೆ ಜಗತ್ತಿನಲ್ಲಿ ಅದೊಂದೇ ಗುರುತು.

ಅವನು ಅಂಟು ಹಚ್ಚಿ ಮುಖ ಕೂರಿಸಿ ಹಗ್ಗ ಬಿಗಿದ.

ಓದದೆ ಬಿಟ್ಟ ಸಾಲುಗಳ ಕಥೆಯನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಆಟ ಆಡುವುದು ನನಗಾಗದು.

ಮೂವತ್ತಾರರ ಜುಲೈನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ನಮ್ಮ ಮೊಂತಾರ್ಕೊ ಊರಿನ ಕೂಲಿಗಳು, ಪಾದ್ರಿಗಳು ಜಮೀನ್ದಾರರ ಕಡೆಯವರೆಂಬ ಸಿಟ್ಟಿಗೆ, ಇಗರ್ಜಿಯ ಸಂತರ ವಿಗ್ರಹಗಳನ್ನೆಲ್ಲ ಚೌಕಕ್ಕೆ ಎಳೆದು ತಂದು ಬೆಂಕಿ ಹಾಕಿದರು. ಅದರಲ್ಲಿ ಎವಾರಿಸ್ತೊನ ಇಪ್ಪತ್ತು ವರ್ಷದ ಕೆಲಸವಿತ್ತು. ಹನ್ನೆರಡನೇ ವಯಸ್ಸಿಗೆ ಗ್ರನಾದಾ ಪಟ್ಟಣದ ಕಾರ್ಖಾನೆಯಲ್ಲಿ ಅಂಟು ಕಾಯಿಸುತ್ತಾ ಕಲಿತ ವಿದ್ಯೆ, ಒಂದು ಮಧ್ಯಾಹ್ನದಲ್ಲಿ ಹೊಗೆ. ಅವನು ಕಿಟಕಿಯ ಸಂದಿಯಿಂದ ನೋಡುತ್ತಾ ನಿಂತ. ಹೊರಗೆ ಹೋಗಲಿಲ್ಲ. ಹೋದವಳು ಕ್ಲೋತಿಲ್ದೆ. ಅವಳು ಇಗರ್ಜಿಯ ಮೆಟ್ಟಿಲು ಹತ್ತುವವಳೇ ಅಲ್ಲ, ಕೂಲಿಗಳ ಸಂಘದಲ್ಲಿದ್ದವಳು. ಆದರೂ ನುಗ್ಗಿ, ಹಳೆಯ ಮಾತೆಯ ಮುಂಗೈಗಳೆರಡನ್ನು ಗೂಟದಿಂದ ಕಿತ್ತು, ಹೊದ್ದ ಶಾಲಿನಲ್ಲಿ ಸುತ್ತಿಕೊಂಡು ಅವನ ಹಿತ್ತಿಲ ಬಾಗಿಲಿಗೆ ಬಂದಳು. ಹುಬ್ಬು ಸುಟ್ಟಿತ್ತು.

"ತಗೊಳ್ಳಿ ಮಾಸ್ತರೆ, ಬಚ್ಚಿಡಿ. ನನಗೆ ದೇವರ ಮೇಲೆ ನಂಬಿಕೆ ಇಲ್ಲ. ಆದ್ರೆ ಈ ಬೆರಳು ನೋಡಿ, ಇನ್ನೂರು ವರ್ಷದ ಹಿಂದೆ ಯಾವನೋ ಪುಣ್ಯಾತ್ಮ ಎಷ್ಟು ಒದ್ದಾಡಿ ಮಾಡಿದಾನೆ. ಇದನ್ನ ಸುಡೋದು ಅಂದ್ರೇನು."

ಆಗಸ್ಟಿನಲ್ಲಿ ಜಮೀನ್ದಾರರ, ಇಗರ್ಜಿಯ ಪರ ದಂಗೆಯೆದ್ದ ಸೈನ್ಯ ಬಂತು. ಈಗ ಸೇಡು ತೀರಿಸುವ ಸರದಿ ಇವರದು. ಯಾರನ್ನು ಕೊಲ್ಲಬೇಕೆಂಬ ಪಟ್ಟಿ ಬರೆಯಲು ಕೂತವರಲ್ಲಿ ಎಣ್ಣೆ ಗಾಣದ ಧಣಿ ದೋನ್ ಅನ್ಸೆಲ್ಮೊ ಮುಖ್ಯ. ಕ್ಲೋತಿಲ್ದೆಯನ್ನು ಹಿಡಿದುಕೊಂಡು ಹೋದ ಎರಡನೇ ದಿನ ಎವಾರಿಸ್ತೊ ಒಳ್ಳೆಯ ಕೋಟು ಹಾಕಿಕೊಂಡು, ಕೈಗಳನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಪುರಸಭೆಗೆ ಹೋದ. ಇವನ್ನು ಉಳಿಸಿದವಳು ಅವಳು ಎಂದು ಹೇಳಬೇಕು. ಒಂದೇ ಮಾತು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದ್ದ. ದೋನ್ ಅನ್ಸೆಲ್ಮೊ ಬಟ್ಟೆ ಬಿಚ್ಚಿ ನೋಡಿದವನೇ ನೆಲಕ್ಕೆ ಮಂಡಿಯೂರಿ ಗಳಗಳ ಅತ್ತುಬಿಟ್ಟ. ಎದ್ದು ಇವನನ್ನು ತಬ್ಬಿಕೊಂಡು, "ನೀವು ಉಳಿಸಿದ್ರಾ ಮಾಸ್ತರೆ? ಪ್ರಾಣ ಒತ್ತೆ ಇಟ್ಟು ನೀವು ಉಳಿಸಿದ್ರಾ?" ಎಂದ. ಸುತ್ತ ಬಂದೂಕು ಹಿಡಿದವರು ನಿಂತಿದ್ದರು. "ಅಲ್ಲ, ಅವಳು" ಎಂದರೆ "ನಿನಗೂ ಅವಳಿಗೂ ಏನು ಸಂಬಂಧ" ಎಂದು ಕೇಳುತ್ತಾರೆ. ಎವಾರಿಸ್ತೊ ಬಾಯಿ ತೆರೆದ. ಹೊರಗೆ ಬಂದದ್ದು, "ಹೌದು."

ಮೂರನೇ ದಿನ ಬೆಳಿಗ್ಗೆ ಇಟ್ಟಿಗೆ ಗೂಡಿನ ಕಡೆಯಿಂದ ಸದ್ದು ಕೇಳಿಸಿತು. ಅಂದಿನಿಂದ ಊರಿಗೆಲ್ಲ ಅವನು ಮಾತೆಯ ಕೈ ಉಳಿಸಿದ ಮಹಾನುಭಾವ. ಹೋಟೆಲಿನಲ್ಲಿ ಸೋಂಪಿನ ಸಾರಾಯಿ ಕುಡಿದರೆ ಅವನಿಗೆ ಯಾರೂ ದುಡ್ಡು ಕೇಳುತ್ತಿರಲಿಲ್ಲ. ಅವನು ಹೋಟೆಲಿಗೆ ಹೋಗುವುದನ್ನೇ ಬಿಟ್ಟ.

ಈಗ ಎಂಟು ವರ್ಷದ ಮೇಲೆ ಆ ಹಳೆಯ ಕೈಗಳಿಗೆ ಹೊಸ ತಲೆ ಮಾಡಿಕೊಡು ಎಂದು ಇಗರ್ಜಿಯ ಸಂಘದವರು ಕೇಳಿದ್ದರು. ಸಂಘದ ಹಿರಿಯಣ್ಣ ಅದೇ ದೋನ್ ಅನ್ಸೆಲ್ಮೊ.

ಶುಭ ಶುಕ್ರವಾರಕ್ಕೆ ಮುಂಚಿನ ತಪಸ್ಸಿನ ಕಾಲ ಶುರುವಾದ ವಾರ ಮಾತೆ ಇಗರ್ಜಿಗೆ ಬಂದಳು. ಗಂಡಸರನ್ನೆಲ್ಲ ಹೊರಗೆ ಕಳಿಸಿ ಹೆಂಗಸರು ಅವಳಿಗೆ ಕಪ್ಪು ಮಖಮಲ್ಲು ಉಡಿಸಿದರು. ಉಡಿಸುವ ಮಾತೆಗೆ ಇರುವುದು ತಲೆ, ಎರಡು ಕೈ, ಅಷ್ಟೆ. ಮೈ ಎಂಬುದು ನಾಲ್ಕು ಮರದ ಪಟ್ಟಿ. ಬಾಗಿಲು ತೆರೆದಾಗ ಊರಿಗೆ ಊರೇ ಉಸಿರು ಬಿಡದೆ ನೋಡಿತು. ಕೆನ್ನೆಯ ಮೇಲೆ ಐದು ಗಾಜಿನ ಹನಿ, ಆಗತಾನೇ ಜಾರಿದ ಹಾಗೆ. ಆದರೆ ವ್ಯಾಕುಲ ಮಾತೆಯ ಕಣ್ಣು ನೆಲ ನೋಡಬೇಕು. ಇವಳು ನೆಟ್ಟಗೆ ಎದುರಿಗೆ ನೋಡುತ್ತಿದ್ದಳು. ಎದುರಿಗೆ ಇದ್ದದ್ದು ಮೊದಲ ಬೆಂಚು, ಅಲ್ಲಿ ಕೂರುವುದು ದೋನ್ ಅನ್ಸೆಲ್ಮೊ. ಒಳಗಿಂದ ಒತ್ತುವಾಗ ಮೇಣ ಸ್ವಲ್ಪ ಜಾರಿತು ಎಂದು ಎವಾರಿಸ್ತೊ ಪಾದ್ರಿಗೆ ಹೇಳಿದ. ಮೇಣ ಜಾರಲು ಬಿಡುವವನಲ್ಲ ಅವನು, ಅದು ಅವನಿಗೂ ಗೊತ್ತಿತ್ತು.

ಬೆನಿತಾ ಇಗರ್ಜಿಯ ನೆಲ ಒರೆಸುವ ಕೆಲಸ ಹಿಡಿದಿದ್ದಳು. ಮಧ್ಯಾಹ್ನ ಊರು ಮಲಗಿದಾಗ ಬಕೆಟ್ಟು ಇಟ್ಟುಕೊಂಡು ಮಂಡಿಯೂರಿ ಒರೆಸುತ್ತಾ ಮಾತೆಯ ಪೀಠದ ಹತ್ತಿರ ಬಂದು ನಿಲ್ಲಿಸುತ್ತಿದ್ದಳು. ಒಂದು ದಿನ ಮಾತೆಯ ಬೆರಳಿನ ಬಣ್ಣ ನೋಡಲು ಹೋದ ಎವಾರಿಸ್ತೊ ಕಂಬದ ಮರೆಯಲ್ಲಿ ನಿಂತು ಕೇಳಿಸಿಕೊಂಡ.

"ಇವತ್ತು ರೇಷನ್ನಲ್ಲಿ ಕಡಲೆ ಕೊಟ್ರು ಕ್ಲೋತಿ. ಹುಳ ಹಿಡಿದಿತ್ತು, ಆರಿಸಿ ಬೇಯಿಸ್ದೆ. ನಿನ್ನ ನೀಲಿ ಕೋಟು ಬಿಚ್ಚಿ ನನಗೊಂದು ಲಂಗ ಹೊಲ್ಕೊಂಡೆ, ಬೈಬೇಡ. ಚಳಿ ಇತ್ತು ಕಣೇ."

ಆ ಹೊತ್ತು ಎವಾರಿಸ್ತೊನಿಗೆ ಎದೆ ಹಗುರವಾಯಿತು. ಎಂಟು ವರ್ಷದಲ್ಲಿ ಮೊದಲ ಸಲ ಮನೆಗೆ ಹೋಗಿ ಹೊಟ್ಟೆ ತುಂಬಾ ಉಂಡ. ಮಾಡಿದ ಪಾಪ ತೀರಿತು ಎಂದುಕೊಂಡನೇನೋ, ಹುಚ್ಚಪ್ಪ.

ಹದಿನೈದೇ ದಿನಕ್ಕೆ ದೋನ್ ಅನ್ಸೆಲ್ಮೊ ಕಾರ್ಖಾನೆಗೆ ಬಂದ. ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡು ಕೂತ. ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಮಾಸ್ತರೆ, ಕೆಲಸ ಅಪರಂಜಿ. ಆದ್ರೆ ಕಣ್ಣು ಸರಿಯಿಲ್ಲ."

"ಏನಾಗಿದೆ ಕಣ್ಣಿಗೆ?"

"ನೋಡ್ತಾಳೆ."

"ಕಣ್ಣಿರೋದು ನೋಡೋಕೆ ಅಲ್ವಾ ದೋನ್ ಅನ್ಸೆಲ್ಮೊ."

"ತಮಾಷೆ ಬೇಡ. ನಾನು ಎಡಕ್ಕೆ ಕೂತ್ರೂ ನೋಡ್ತಾಳೆ, ಬಲಕ್ಕೆ ಕೂತ್ರೂ ನೋಡ್ತಾಳೆ. ಪೂಜೆ ಕೇಳೋಕೆ ಆಗ್ತಿಲ್ಲ ನನಗೆ. ಶುಭ ಶುಕ್ರವಾರದ ಮೆರವಣಿಗೆಗೆ ಮುಂಚೆ ಕಣ್ಣು ಕೆಳಗಿಳಿಸಿ. ನಿಮ್ಮ ಕೈಲಾಗಲ್ಲ ಅಂದ್ರೆ ಹೇಳಿ, ಸೆವಿಯಾ ಪಟ್ಟಣಕ್ಕೆ ಕಳಿಸ್ತೀನಿ. ಅಲ್ಲಿ ಬಿಚ್ಚಿ ಮಾಡಿಕೊಡ್ತಾರಂತೆ."

ಎವಾರಿಸ್ತೊ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸೆವಿಯಾದಲ್ಲಿ ಬಿಚ್ಚಿದರೆ ಕಾಗದ ಸಿಗುತ್ತದೆ. ಸಿಕ್ಕರೆ ಅವನು ಜೈಲಿಗೆ, ಬೆನಿತಾ ಎಲ್ಲಿಗೋ, ಆ ಹೆಸರು ಬೆಂಕಿಗೆ. ತಾನೇ ಒಬ್ಬನೇ ಕೂತು ಬಿಚ್ಚಿದರೆ ಕಾಗದ ಅಲ್ಲೇ ಇಟ್ಟು, ಕಣ್ಣು ಇಳಿಸಿ, ಮತ್ತೆ ಮುಚ್ಚಬಹುದು.

"ನಾನೇ ಮಾಡ್ತೀನಿ. ನಾಳೆ ತರಿಸಿ."

"ಒಳ್ಳೇದು. ನಾನೂ ಬರ್ತೀನಿ, ನೋಡಿದ ಹಾಗೂ ಆಯ್ತು." ದೋನ್ ಅನ್ಸೆಲ್ಮೊ ಎದ್ದ. ಬಾಗಿಲಲ್ಲಿ ತಿರುಗಿ ನಿಂತು ಕೇಳಿದ. "ಅಂದ ಹಾಗೆ, ಒಳಗೆ ಕಾಗದ ಇಡ್ತಾರಂತಲ್ಲ. ನನ್ನ ಹೆಸರು ಬರೆದಿದೀರಿ ತಾನೆ?"

"ಪದ್ಧತಿ ಬಿಟ್ಟು ಮಾಡ್ತೀನಾ."

"ನೋಡ್ಬೇಕು ಅದನ್ನ. ಹೆಂಡತಿಗೆ ಹೇಳಿದೀನಿ, ನಾವು ಸತ್ತ ಮೇಲೂ ಮಾತೆ ತಲೇಲಿ ಇರ್ತೀವಿ ಅಂತ."

ಅವನು ಹೋದ ಮೇಲೆ ಎವಾರಿಸ್ತೊ ಕೂತ ಜಾಗದಿಂದ ಏಳಲಿಲ್ಲ. ಇನ್ನೊಂದು ಕಾಗದ ಬರೆದು ತೋಳಿನಲ್ಲಿ ಅಡಗಿಸಿ, ಬಿಚ್ಚುವಾಗ ಅದಲುಬದಲು ಮಾಡಬಹುದಿತ್ತು. ಬರೆದೂ ಬರೆದ. ಚೆನ್ನಾಗಿಯೇ ಬರೆದ, ದೊಡ್ಡ ಅಕ್ಷರದಲ್ಲಿ ದೋನ್ ಅನ್ಸೆಲ್ಮೊನ ಹೆಸರು ಹಾಕಿ. ಅದನ್ನು ಅಂಗಿಯ ತೋಳಿಗೆ ಸಿಕ್ಕಿಸಿಕೊಂಡು ನಾಲ್ಕಾರು ಸಲ ಅಭ್ಯಾಸ ಮಾಡಿದ, ಸಂತೆಯ ಮೋಡಿಯವನ ಹಾಗೆ.

ಮಾರನೆ ದಿನ ಹತ್ತು ಗಂಟೆಗೆ ಮಾತೆಯ ತಲೆ ಹತ್ತಿಯಲ್ಲಿ ಸುತ್ತಿ ಬಂತು. ಹಿಂದೆಯೇ ದೋನ್ ಅನ್ಸೆಲ್ಮೊ. ಕುರ್ಚಿ ಎಳೆದುಕೊಂಡು ಮೇಜಿಗೆ ಎದೆ ತಾಗಿಸಿ ಕೂತ. ಎವಾರಿಸ್ತೊ ಕಿವಿಯ ಹಿಂದೆ ಬಣ್ಣ ಕೆರೆದು ಗೆರೆ ಹುಡುಕಿದ, ಬಿಸಿನೀರಿನ ಬಟ್ಟೆ ಒತ್ತಿ ಅಂಟು ಮೆತ್ತಗೆ ಮಾಡಿದ, ತೆಳ್ಳನೆ ಅಲಗು ತೂರಿಸಿದ. ಮುಖ ಚಟ್ ಎಂದು ಬಿಟ್ಟುಕೊಂಡಿತು. ಕಾಗದ ಒಳಗೆ ಕೂತಲ್ಲೇ ಕೂರಬೇಕಿತ್ತು. ಇಟ್ಟದ್ದು ಬೆನಿತಾ ಅಲ್ಲವೆ, ಮೇಣ ಹಾಕಿ ಅಂಟಿಸಬೇಕೆಂದು ಅವಳಿಗೇನು ಗೊತ್ತು. ಅವನಿಗೂ ಆ ಹೊತ್ತಿನಲ್ಲಿ ಹೇಳಬೇಕೆನಿಸಿರಲಿಲ್ಲ. ಮುಖ ಎತ್ತಿದ ಕೂಡಲೇ ಕಾಗದ ಜಾರಿ ಮೇಜಿನ ಮೇಲೆ, ದೋನ್ ಅನ್ಸೆಲ್ಮೊನ ಟೋಪಿಯ ಪಕ್ಕಕ್ಕೆ ಬಿತ್ತು.

ಅವನು ಕನ್ನಡಕ ಹಾಕಿಕೊಂಡು ಓದಿದ. ನಿಧಾನವಾಗಿ, ತುಟಿ ಆಡಿಸುತ್ತಾ. ಕೊನೆಯ ಎರಡು ಸಾಲನ್ನು ಗಟ್ಟಿಯಾಗಿಯೇ ಓದಿದ. "ಅವಳು ಉಳಿಸಿದ ಕೈಗಳನ್ನು ನಾನು ಉಳಿಸಿದೆನೆಂದು ಒಪ್ಪಿಕೊಂಡೆ. ಬಾಯಿ ಬಿಟ್ಟಿದ್ದರೆ ಅವಳು ಬದುಕುತ್ತಿದ್ದಳೇನೋ. ಎವಾರಿಸ್ತೊ ಗಾಲ್ವೆಸ್."

ಕಾಗದವನ್ನು ಮೊದಲಿನ ಮಡಿಕೆಯ ಗುರುತಿಗೇ ಮಡಿಸಿದ.

"ಬದುಕ್ತಿರಲಿಲ್ಲ," ಎಂದ ದೋನ್ ಅನ್ಸೆಲ್ಮೊ. "ಸುಮ್ಮನೆ ಕೊರಗ್ಬೇಡಿ. ಆ ಪಟ್ಟಿ ನೀವು ಬರೋಕೆ ಮುಂಚೆನೇ ಮೇಲಕ್ಕೆ ಹೋಗಿತ್ತು." ಸ್ವಲ್ಪ ಹೊತ್ತು ಕನ್ನಡಕ ಒರೆಸಿದ. "ಬದುಕಿದ್ರೂ ಬದುಕ್ತಿದ್ಲೇನೋ. ಯಾರಿಗ್ಗೊತ್ತು."

"ದೋನ್ ಅನ್ಸೆಲ್ಮೊ, ಅದನ್ನ ಅಲ್ಲೇ ಇಟ್ಟುಬಿಡಿ. ಇನ್ನೂರು ವರ್ಷ ಯಾರೂ ಬಿಚ್ಚಲ್ಲ. ನಾವ್ಯಾರೂ ಇರಲ್ಲ."

"ನನ್ನ ಮೊಮ್ಮಕ್ಕಳ ಮಕ್ಕಳು ಇರ್ತಾರೆ." ಅವನು ಸಿಟ್ಟು ಮಾಡಲಿಲ್ಲ, ಅದೇ ಭಯಂಕರ. "ನಾನು ಯಾರಿಗೂ ಹೇಳಲ್ಲ ಮಾಸ್ತರೆ. ನಿಮ್ಮ ಮರ್ಯಾದೆ ಪ್ರಶ್ನೆ. ಊರಿಗೆ ಊರೇ ನಿಮಗೆ ಕೈಮುಗಿಯುತ್ತೆ, ಕಳ್ಳ ಅಂತ ಗೊತ್ತಾದ್ರೆ ಏನು ಗತಿ. ಬನ್ನಿ, ಬೇರೆ ಬರೀರಿ."

ಬೇರೆಯದು ತೋಳಿನಲ್ಲೇ ಇತ್ತು. ಎವಾರಿಸ್ತೊ ಅದನ್ನು ತೆಗೆದು ಮೇಜಿನ ಮೇಲೆ ಇಟ್ಟ. ನೋಡಿದ ದೋನ್ ಅನ್ಸೆಲ್ಮೊ ಮೊದಲು ಹುಬ್ಬೇರಿಸಿದ, ಆಮೇಲೆ ನಕ್ಕುಬಿಟ್ಟ. "ನೀವು ಭಾರಿ ಜಾಣರು. ಎರಡೂ ಕಡೆಗೆ ಬರೆದಿಟ್ಟಿದೀರಿ." ಹಳೆಯ ಕಾಗದವನ್ನು ಅಂಟು ಕುದಿಯುತ್ತಿದ್ದ ಒಲೆಗೆ ಹಿಡಿದ. ಅದು ಉರಿದು ಹೋಗುವವರೆಗೂ ಎವಾರಿಸ್ತೊ ನೋಡುತ್ತಾ ನಿಂತ. ಕೈ ಚಾಚಿದರೆ ಎಟಕುತ್ತಿತ್ತು. ಅಂದು ಕಿಟಕಿಯ ಸಂದಿಯಲ್ಲಿ ನಿಂತವನಿಗೂ ಇವನಿಗೂ ಏನೂ ವ್ಯತ್ಯಾಸವಿರಲಿಲ್ಲ.

ಆಮೇಲೆ ಕಣ್ಣು ಕೆಳಗಿಳಿಸಿದ, ಹೊಸ ಕಾಗದವನ್ನು ಮೇಣ ಹಾಕಿ ಭದ್ರವಾಗಿ ಅಂಟಿಸಿದ, ಮುಖ ಮುಚ್ಚಿದ.

ಬೆನಿತಾಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು. ಮಾರನೆ ದಿನವೇ ಬಟ್ಟೆ ಗಂಟು ಹಿಡಿದು ಬಂದಳು. "ತಲೆ ಬಿಚ್ಚಿದ್ರಂತೆ."

"ಹೌದು. ಕಣ್ಣಿಗೆ."

"ಇದೆಯಾ ಅದು?"

"ಇದೆ ತಾಯಿ. ಇಟ್ಟಲ್ಲೇ ಇದೆ."

ಅವಳ ಮುಖ ಅರಳಿತು. ಎವಾರಿಸ್ತೊ ಬೆನ್ನು ತಿರುಗಿಸಿ ಉಳಿ ಮಸೆಯತೊಡಗಿದ, ಮಸೆಯುವ ಅಗತ್ಯವಿಲ್ಲದ ಉಳಿಯನ್ನು.

ಶುಭ ಶುಕ್ರವಾರ ಮಾತೆ ಹೆಗಲ ಮೇಲೆ ಬೀದಿಗೆ ಬಂದಳು. ಕಣ್ಣು ಕೆಳಗಾಗಿತ್ತು, ಹೆಂಗಸರೆಲ್ಲ ಈಗ ಸರಿಯಾಯಿತು ಎಂದರು. ಇಗರ್ಜಿಗೆ ಮರಳಿದ ಮೇಲೆ ಆ ಕಣ್ಣು ಬೀಳುತ್ತಿದ್ದದ್ದು ಪೀಠದ ಮುಂದಿನ ಎರಡು ಹಾಸುಗಲ್ಲಿನ ಮೇಲೆ, ಬೆನಿತಾ ಬಕೆಟ್ಟು ಇಟ್ಟುಕೊಂಡು ಮಂಡಿಯೂರುವ ಜಾಗದ ಮೇಲೆ. ಅವಳು ಅದನ್ನು ತನಗಾಗಿಯೇ ಮಾಡಿದ್ದು ಎಂದುಕೊಂಡಳು. ದಿನವೂ ಮಧ್ಯಾಹ್ನ ಅಲ್ಲಿ ಕೂತು ಕಡಲೆಯ, ಚಳಿಯ, ಮಂಡಿನೋವಿನ ಕಥೆ ಹೇಳಿದಳು. ಹೇಳಿದ್ದು ದೋನ್ ಅನ್ಸೆಲ್ಮೊನ ಹೆಸರಿಗೆ. ಎವಾರಿಸ್ತೊ ಇಗರ್ಜಿಯ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟು, ಸುತ್ತು ಹಾಕಿ ಹೊಳೆಯ ದಾರಿಯಲ್ಲಿ ಓಡಾಡಿದ.

ಮೇ ತಿಂಗಳಲ್ಲಿ ಒಂದು ದಿನ ಬೆನಿತಾ ಬಟ್ಟೆ ಕೊಟ್ಟು ಹೋಗದೆ ನಿಂತಳು.

"ಮಾಸ್ತರೆ, ಮೂರು ವಾರದಿಂದ ನೋಡ್ತಿದೀನಿ. ದೋನ್ ಅನ್ಸೆಲ್ಮೊ ಮುಂಚೆ ಮಾತೆ ಕಡೆ ತಿರುಗ್ತಿರಲಿಲ್ಲ, ತಲೆ ತಗ್ಗಿಸ್ಕೊಂಡು ಕೂರ್ತಿದ್ದ. ಈಗ ಹೆಂಗೆ ನಿಲ್ತಾನೆ ಗೊತ್ತಾ? ತನ್ನ ಮನೆ ಬೀರು ಮುಂದೆ ನಿಂತ ಹಾಗೆ. ಒಳಗೇನಿದೆ ಅಂತ ಗೊತ್ತಿರೋನ ಥರ."

"ಕಣ್ಣು ಇಳಿಸಿದ್ನಲ್ಲ, ಅದಕ್ಕೆ."

"ಯಾರ ಹೆಸರಿದೆ ಒಳಗೆ?"

ಎವಾರಿಸ್ತೊ ಮತ್ತೆ ಉಳಿ ಮಸೆಯಲು ತಿರುಗಿದ. ಸುಮ್ಮನಿರುವುದರಲ್ಲಿ ಅವನನ್ನು ಮೀರಿಸಿದವರು ನಮ್ಮೂರಲ್ಲಿ ಇರಲಿಲ್ಲ. ಅವಳು ಕಾದಳು, ಬಟ್ಟೆಯ ಗಂಟು ಬಿಚ್ಚಿ ಖಾಲಿ ಗಂಟುಬಟ್ಟೆಯನ್ನು ಮಡಿಸಿದಳು, ಹೋದಳು. ಮಾರನೆ ದಿನದಿಂದ ಇಗರ್ಜಿಯ ನೆಲ ಒರೆಸಲು ಬೇರೆ ಹೆಂಗಸು ಬಂದಳು. ಮಾತೆಯ ಕಣ್ಣು ಬೀಳುವ ಹಾಸುಗಲ್ಲು ಖಾಲಿಯಾಯಿತು.

ಆ ಬೇಸಿಗೆ ಫುಯೆಂತೆಲಾರ್ಗಾ ಹಳ್ಳಿಯವರು ಒಬ್ಬ ಸಂತ ರೋಕೆಯನ್ನು ಮಾಡಿಸಿದರು. ಸಣ್ಣ ವಿಗ್ರಹ, ಪಕ್ಕದಲ್ಲಿ ನಾಯಿ. ಕೊಯ್ದ ಮುಖವನ್ನು ಮುಚ್ಚುವ ಮುಂಚೆ ಎವಾರಿಸ್ತೊ ಅದೇ ಕಾಗದವನ್ನು ಮೊದಲಿನಿಂದ ಬರೆದ, ಕೊನೆಯ ಎರಡು ಸಾಲನ್ನೂ ಬಿಡದೆ. ಈ ಸಲ ಮೇಣ ಹಾಕಿ ಅಂಟಿಸಿದ. ಸಂತ ಗಾಡಿ ಹತ್ತಿ ಹೋದ ಮೇಲೆ ಬೆನಿತಾಳ ಮನೆಗೆ ಹೋದ. ಅವಳು ಬಾಗಿಲ ಬಳಿ ಕುಳಿತು ಮಡಿಲಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಳು. ಕೂರು ಎನ್ನಲಿಲ್ಲ. ಅವನು ನಿಂತೇ ಹೇಳಿದ. ಉರಿದ ಕಾಗದ, ತೋಳಿನಲ್ಲಿದ್ದ ಕಾಗದ, ಓದದೆ ಬಿಟ್ಟ ಸಾಲು, ಪುರಸಭೆ, ಹೌದು ಎಂದದ್ದು, ಎಲ್ಲ. ಹೇಳಿ ಮುಗಿಸಿ ಕುಡಿಯಲು ಕೇಳಿದ. ಅವಳು ನೀರು ಕೊಡಲಿಲ್ಲ.

"ಅವಳನ್ನ ಹಿಡ್ಕೊಂಡು ಹೋದ ದಿನ ನಿನ್ನ ಬಾಗಿಲು ತಟ್ಟಿದ್ದೆ," ಎಂದಳು ಬೆನಿತಾ. ಅವನನ್ನು ನೀನು ಎಂದದ್ದು ಅದೇ ಮೊದಲು. "ಒಳಗೆ ಕೆತ್ತೋ ಸದ್ದು ಕೇಳಿಸ್ತಿತ್ತು. ತಟ್ಟಿದ ಕೂಡ್ಲೇ ನಿಂತುಹೋಯ್ತು. ಮನೇಲಿಲ್ಲವೇನೋ ಅಂದ್ಕೊಂಡು ಬಂದೆ. ನನಗೆ ನಾನೇ ಹಾಗೆ ಹೇಳ್ಕೊಂಡೆ, ಎಂಟು ವರ್ಷ."

ಅವನು ಅಂದು ಒಳಗೇ ಇದ್ದ. ಇದೊಂದನ್ನು ಅವನು ಕಾಗದದಲ್ಲೂ ಬರೆದಿರಲಿಲ್ಲ.

"ಈಗ ಫುಯೆಂತೆಲಾರ್ಗಾದ ಸಂತ ರೋಕೆ ತಲೇಲಿ ಇದಾಳೆ ತಾಯಿ. ನಾನೇ ಮುಚ್ಚಿದೀನಿ. ಇನ್ನು ಮುಂದೆ ಮಾಡೋ ಪ್ರತಿಯೊಂದರಲ್ಲೂ ಇಡ್ತೀನಿ."

"ಅಲ್ಲೂ ಒಬ್ಬ ದೊಡ್ಡಮನುಷ್ಯ ಇರ್ತಾನೆ. ಬಿಚ್ಚು ಅಂದ್ರೆ ಅದನ್ನೂ ಬಿಚ್ಚಿ ಕೊಡ್ತೀಯೇನಪ್ಪಾ?"

ಇಲ್ಲ ಎನ್ನಬೇಕಿತ್ತು. ಅಷ್ಟು ದೂರ ಅದನ್ನು ಹೇಳಲೆಂದೇ ಬಂದಿದ್ದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ನೆಟ್ಟಗೆ, ಕಣ್ಣು ಇಳಿಸದೆ.

"ಗೊತ್ತಿಲ್ಲ," ಎಂದ.

ಬೆನಿತಾ ತಲೆಯಾಡಿಸಿದಳು. ಒಂದು ಕಾಯಿ ಬಿಡಿಸಿದಳು, ಇನ್ನೊಂದು ಬಿಡಿಸಿದಳು.

"ಎಷ್ಟು ದೂರ ಅದು?"

"ಮೂರು ಹರಿದಾರಿ. ಗುರುವಾರ ಎಣ್ಣೆ ಗಾಡಿ ಹೋಗುತ್ತೆ."

"ಗುರುವಾರದವರೆಗೆ ಕಾಯಲ್ಲ," ಎಂದಳು ಅವಳು, ಮಡಿಲಿನ ಸಿಪ್ಪೆ ಕೊಡವಿ ಗೋಡೆ ಹಿಡಿದು ಏಳುತ್ತಾ. "ನಡ್ಕೊಂಡೇ ಹೋಗ್ತೀನಿ. ನೀನು ಅದನ್ನೂ ತೆಗೆಯೋದರೊಳಗೆ ಮಗಳನ್ನ ಒಂದ್ಸಲ ಮಾತಾಡಿಸ್ಕೊಂಡು ಬರ್ಬೇಕು."